ಬಾಗುತ್ತಿದ್ದ ಪದ

ಪ್ರಶ್ನೆ: 'ಬಕ್ಸಮ್' ಅಂದರೆ ಮೈತುಂಬಿಕೊಂಡ ಹೆಂಗಸು, ಅಲ್ವಾ? ಇಂಗ್ಲಿಷ್ ಕವಿ ಮಿಲ್ಟನ್ 'ಪ್ಯಾರಡೈಸ್ ಲಾಸ್ಟ್' ಕಾವ್ಯದಲ್ಲಿ ಗಾಳಿಯನ್ನೇ ಬಕ್ಸಮ್ ಅಂದಿದ್ದಾನಲ್ಲ, ಸರ್?
– ಓದುಗರೊಬ್ಬರು, ಹಾಸನ

ಉತ್ತರ: 1667ರ ಆ ಕಾವ್ಯದ ಗಾಳಿ ದಪ್ಪಗಿಲ್ಲ, ರೆಕ್ಕೆಗೆ ದಾರಿ ಬಿಡುತ್ತದೆ ಅಷ್ಟೆ. ಪದದ ಬೇರು ಹಳೆ ಇಂಗ್ಲಿಷಿನ 'ಬೂಗನ್', ಅಂದರೆ ಬಾಗು. (ನಮ್ಮ 'ಬಾಗು'ವಿಗೂ ಇದಕ್ಕೂ ನಂಟು ಅಂತ ಕಾಲೇಜಿನಲ್ಲಿ ನಾನೂ ಕುಣಿದಿದ್ದೆ. ಇಲ್ಲ, ಸುಮ್ನೆ ಕಿವಿಗೆ ಒಂದೇ ಥರ ಕೇಳುತ್ತದೆ.) ಮೊದಲ ಅರ್ಥ, ಹೇಳಿದ ಮಾತು ಕೇಳುವುದು. ಮಧ್ಯಕಾಲದ ಇಂಗ್ಲೆಂಡಿನಲ್ಲಿ ಮದುವಣಗಿತ್ತಿ ಹಾಸಿಗೆಯಲ್ಲೂ ಊಟದ ಮೇಜಿನಲ್ಲೂ 'ಬಕ್ಸಮ್' ಆಗಿರುತ್ತೇನೆ ಅಂತ ಮಾತು ಕೊಡುತ್ತಿದ್ದಳು. ಗಂಡು ಕೊಡುತ್ತಿರಲಿಲ್ಲ, ನೋಡಿ! ಆಮೇಲೆ ಲವಲವಿಕೆ, ಆರೋಗ್ಯ, ಕೊನೆಗೆ ತುಂಬಿದ ಮೈ. ಇದರ ಸೋದರ ಪದ, ಜರ್ಮನ್ನರ 'ಬೀಗ್‌ಸಾಮ್' ಮಾತ್ರ ಇವತ್ತಿಗೂ ಬೆತ್ತದ ಹಾಗೆ ಬಾಗುತ್ತದೆ.