ಹುಣಸೇಮರದ ಬಿಳಿ ಸೀರೆ ಮತ್ತು ಇನ್ನೆರಡು ಪತ್ರ

ಪಿತೃಪಕ್ಷ ಹತ್ತಿರ ಬಂತಲ್ವಾ, ಈ ಸಲ ಬಂದ ಪತ್ರಗಳಲ್ಲಿ ದೆವ್ವದ್ದೇ ಜಾಸ್ತಿ. ಮೂರನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವರು ನೀವು. ನಿಜ ಹೇಳಿ, ಒಂದು ಸಲವಾದರೂ ದೆವ್ವ ನೋಡಿಲ್ವಾ?
– ಓದುಗ, ಮದ್ದೂರು

ಉತ್ತರ: ನೋಡಿದ್ದೇನಪ್ಪ. 1974ರಲ್ಲಿ. ಆಗ ನಾನು ಎಂಟನೇ ಕ್ಲಾಸು. ಪಾಂಡವಪುರದ ಕಡೆ ನಮ್ಮೂರು. ಅಪ್ಪ ರಾತ್ರಿ ಆಲೆಮನೆಯಲ್ಲಿದ್ದರು. ಅವರಿಗೆ ಮುದ್ದೆ, ಉಪ್ಸಾರು ಕೊಟ್ಟು ಬಾ ಅಂತ ಅವ್ವ ಕಳಿಸಿದ್ದಳು. ವಿ.ಸಿ. ನಾಲೆಯ ಏರಿ ಮೇಲೆ ನಡೆಯುತ್ತಿದ್ದೆ. ಒಂದು ಕಡೆ ನೀರು, ಇನ್ನೊಂದು ಕಡೆ ಆಳೆತ್ತರದ ಕಬ್ಬು. ತಿರುವಿನಲ್ಲಿ ಒಂದು ಹುಣಸೇಮರ. ಅದರ ಕೊಂಬೆಯಲ್ಲಿ ಬೆಳ್ಳಗೆ ಏನೋ ನಿಂತಿತ್ತು. ಮುಖ ಇತ್ತು. ಅದು ನನ್ನ ಕಡೆ ತಿರುಗಿತು. ಆಮೇಲೆ ಒಂದು ಚೂರೂ ಸದ್ದಿಲ್ಲದೆ ತೇಲಿಕೊಂಡು ತಲೆ ಮೇಲೆ ಹಾದುಹೋಯಿತು. ಹೋದ ಮೇಲೆ ಹೆಂಗಸು ಚೀರಿದ ಹಾಗೆ ಒಂದು ಕೂಗು.

ಮುದ್ದೆ ನಾಲೆಗೆ ಹೋಯಿತು. ನಾನು ಮನೆಗೆ ಹೋದೆ. ಮೂರು ದಿನ ಜ್ವರ. ಅಜ್ಜಿ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಇಳಿ ತೆಗೆದಳು. ಒಲೆಗೆ ಹಾಕಿದರೆ ಘಾಟೇ ಬರಲಿಲ್ಲವಂತೆ. ‘ನೋಡ್ದಾ, ಗಾಳಿನೇ ಸೋಕೈತೆ’ ಅಂದಳು. ನಾಲ್ಕನೇ ದಿನ ಜ್ವರ ಬಿಟ್ಟಿತು. ಅಜ್ಜಿಯ ಮರ್ಯಾದೆ ಊರಲ್ಲಿ ಇನ್ನೂ ಹೆಚ್ಚಿತು.

ಮೇಷ್ಟ್ರಾಗಿ ಸೇರಿದ ಮೇಲೆ ನಮ್ಮ ಶಾಲೆಯ ಅಟ್ಟದಲ್ಲಿ ಅದೇ ಮುಖ ಮತ್ತೆ ಕಂಡಿತು. ಹೃದಯದ ಆಕಾರದ ಬಿಳಿ ಮುಖ, ಬಿಳಿ ಹೊಟ್ಟೆ. ಕಣಜ ಗೂಬೆ. ಅದರ ರೆಕ್ಕೆ ಗರಿಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಬಿಡಿಬಿಡಿಯಾಗಿ ಮೆತ್ತಗಿರುತ್ತದೆ. ಗಾಳಿ ಸೀಳಿದರೂ ಸದ್ದಾಗುವುದಿಲ್ಲ. ಬೇರೆ ಗೂಬೆಗಳ ಹಾಗೆ ಗೂಕ್ ಅನ್ನುವುದಿಲ್ಲ, ಚೀರುತ್ತದೆ. ಕಬ್ಬಿನ ಗದ್ದೆಯಲ್ಲಿ ಇಲಿ ಜಾಸ್ತಿ. ಇಲಿ ಹಿಡಿಯಲು ಅದು ಅಲ್ಲಿ ಬರದೆ ಇನ್ನೆಲ್ಲಿ ಬರಬೇಕು?

ಇಷ್ಟೆಲ್ಲ ಗೊತ್ತು. ಆದರೂ ರಾತ್ರಿ ಆ ಹುಣಸೇಮರ ಹತ್ತಿರ ಬಂದಾಗ ನನ್ನ ಸ್ಕೂಟರ್ ತಾನಾಗಿಯೇ ಸ್ವಲ್ಪ ಜೋರಾಗುತ್ತದೆ.

ಪ್ರಶ್ನೆ: ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತೆ. ಎದೆ ಮೇಲೆ ಯಾರೋ ಕೂತ ಹಾಗೆ ಭಾರ. ಕೈಕಾಲು ಆಡಲ್ಲ, ಕೂಗೋಕೂ ಆಗಲ್ಲ. ಈ ರೂಮಲ್ಲಿ ಹಿಂದೆ ಒಬ್ಬರು ತೀರಿಕೊಂಡಿದ್ದರಂತೆ. ರೂಮ್ ಬಿಟ್ಟುಬಿಡಲಾ?
– ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಮೊದಲು ಅಡ್ವಾನ್ಸ್ ವಾಪಸ್ ಬರುತ್ತದಾ ಕೇಳಿ! ತಮಾಷೆಗೆ ಅಂದೆ ಮಗಳೇ, ನಿನ್ನ ಭಯ ತಮಾಷೆಯದ್ದಲ್ಲ. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ಮೆದುಳು ಕೈಕಾಲಿಗೆ ಬೀಗ ಹಾಕಿರುತ್ತದೆ. ಇಲ್ಲದಿದ್ದರೆ ಕನಸಲ್ಲಿ ಓಡಿದವರೆಲ್ಲ ಮಂಚದಿಂದ ಬೀಳಬೇಕಾಗಿತ್ತು. ಕೆಲವೊಮ್ಮೆ ಬೀಗ ತೆಗೆಯುವ ಮೊದಲೇ ಎಚ್ಚರವಾಗುತ್ತದೆ. ಕಣ್ಣು ತೆರೆದಿರುತ್ತದೆ, ಕನಸೂ ಪೂರ್ತಿ ಹೋಗಿರುವುದಿಲ್ಲ. ನಿದ್ದೆ ಕೆಟ್ಟಾಗ, ಅಂಗಾತ ಮಲಗಿದಾಗ ಇದು ಜಾಸ್ತಿ. ಪರೀಕ್ಷೆ ಹತ್ತಿರ ಇದೆಯಾ? ಮಗ್ಗುಲಾಗಿ ಮಲಗು, ಹೊತ್ತಿಗೆ ಸರಿಯಾಗಿ ಮಲಗು. ಮತ್ತೆ ಬಂದರೆ ಇಡೀ ಮೈ ಅಲ್ಲಾಡಿಸಲು ಹೋಗಬೇಡ, ಒಂದು ಬೆರಳು ಅಲ್ಲಾಡಿಸಲು ನೋಡು. ಹಗಲಲ್ಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸು.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಏಳು ತಿಂಗಳಾಯಿತು. ಬೆಳಗಿನ ಜಾವ ಬಾಗಿಲು ತೆಗೆದರೆ ಜಗುಲಿ ಮೇಲೆ ಕೂತಿರುತ್ತಾರೆ. ಹತ್ತಿರ ಹೋದರೆ ಇರಲ್ಲ. ನನಗೆ ಭಯ ಇಲ್ಲ. ಆದರೆ ಮಗ ‘ಅಪ್ಪನಿಗೆ ಮುಕ್ತಿ ಸಿಕ್ಕಿಲ್ಲ, ನಿಂಗೆ ಮೆಟ್ಟಿಕೊಂಡಿದೆ’ ಅಂತ ಒಬ್ಬ ಮಂತ್ರವಾದಿ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಹೋಗಲಾ?
– ಹೆಸರು ಬೇಡ, ಶ್ರೀರಂಗಪಟ್ಟಣ

ಉತ್ತರ: ಬೇಡ ತಾಯಿ.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ‘ನನಗೆ ಭಯ ಇಲ್ಲ’ ಅಂದಿರಲ್ಲ, ಅದನ್ನು ನಿಮ್ಮ ಮಗ ಕೇಳಿಸಿಕೊಂಡ ಹಾಗಿಲ್ಲ. ಈ ಉತ್ತರ ಅವನಿಗೂ ಓದಿ ಹೇಳಿ. ಬ್ರಿಟನ್ನಿನ ವೇಲ್ಸ್‌ನಲ್ಲಿ ಡೇವಿ ರೀಸ್ ಅನ್ನೋ ಡಾಕ್ಟರು ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಕೂರಿಸಿ ಮಾತಾಡಿಸಿದರು. ಅದು 1971ರಲ್ಲಿ ಅಚ್ಚಾಯಿತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಹೋದವರು ಪಕ್ಕದಲ್ಲೇ ಇದ್ದ ಹಾಗೆ ಅನಿಸಿದ್ದು, ಕಂಡದ್ದು, ಮಾತು ಕೇಳಿಸಿದ್ದು ಹೇಳಿದರು. ಕಣ್ಣಾರೆ ಕಂಡವರೇ ನೂರಕ್ಕೆ 14 ಜನ. ತುಂಬ ಜನ ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹಲವರಿಗೆ ಅದರಿಂದ ಸಮಾಧಾನವೇ ಆಗಿತ್ತು. ಅವರಿಗೆಲ್ಲ ಮೆಟ್ಟಿಕೊಂಡಿತ್ತಾ?

ನನ್ನ ಹೆಂಡತಿ ಹೋಗಿ ಆರು ವರ್ಷ. ಮೊದಲ ವರ್ಷವೆಲ್ಲ ಬೆಳಗ್ಗೆ ಐದಕ್ಕೆ ಅಡುಗೆಮನೆಯಲ್ಲಿ ಲೋಟ ಇಟ್ಟ ಸದ್ದು. ಮೇಷ್ಟ್ರ ಬುದ್ಧಿ ನೋಡಿ, ಫ್ರಿಜ್ಜಿನ ಪ್ಲಗ್ ಕಿತ್ತು ಪರೀಕ್ಷೆ ಮಾಡಿದೆ. ಪ್ಲಗ್ ಕಿತ್ತ ದಿನವೂ ಸದ್ದು ಬಂತು. ನಲವತ್ತು ವರ್ಷ ಕೇಳಿದ ಕಿವಿ, ಕೇಳಿಸಿಕೊಳ್ಳುವುದನ್ನು ಒಂದೇ ದಿನಕ್ಕೆ ಬಿಡಲ್ಲ ಅಂತ ಆಮೇಲೆ ಅರ್ಥವಾಯಿತು. ಈಗ ಕೇಳಿಸುವುದಿಲ್ಲ. ಸುಮ್ನೆ ಹೇಳುತ್ತೇನೆ, ಒಂದೊಂದು ದಿನ ಕಾಯುತ್ತೇನೆ ಕೂಡ.

ನಿಮ್ಮ ಮಗನಿಗೆ ಇನ್ನೊಂದು ವಿಷಯ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಕಟ್ಟಿ ಹಾಕುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರ ಕಾಯ್ದೆ ಅದು, 2020ರಿಂದ ಜಾರಿಯಲ್ಲಿದೆ. ನಮ್ಮೂರಲ್ಲೇ ಒಬ್ಬ ಬಾಣಂತಿಗೆ ಬೇವಿನ ಬರಲಲ್ಲಿ ಬಾಸುಂಡೆ ಬರುವ ಹಾಗೆ ಬಾರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆಗ ನಾನು ಬಾಯಿ ಬಿಡಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಊಟ ಸೇರದೆ ಇದ್ದರೆ, ನಿದ್ದೆ ಇಲ್ಲದಿದ್ದರೆ, ‘ನೀನೂ ಬಾ’ ಅಂತ ಕರೆದ ಹಾಗೆ ಕೇಳಿಸಿದರೆ ಮಾತ್ರ ತಡ ಮಾಡಬೇಡಿ. ಮಂಡ್ಯದಲ್ಲೋ ಮೈಸೂರಲ್ಲೋ ಸರ್ಕಾರಿ ದೊಡ್ಡಾಸ್ಪತ್ರೆಯ ಮನೋವೈದ್ಯರನ್ನು ನೋಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪಕ್ಷಕ್ಕೆ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಿ. ನಮ್ಮಜ್ಜನ ಎಡೆಯಲ್ಲಿ ಬೀಡಿ ಕಟ್ಟು ಇರುತ್ತಿತ್ತು. ನಾನು ನನ್ನವಳಿಗೆ ಕಾಫಿ ಇಡುತ್ತೇನೆ, ಸಕ್ಕರೆ ಸ್ವಲ್ಪ ಜಾಸ್ತಿ.

ಅಂದ ಹಾಗೆ, ಜಗುಲಿ ಮೇಲೆ ಕೂತು ಅವರು ಏನು ಮಾಡುತ್ತಿರುತ್ತಾರೆ ಅಂತ ನೀವು ಬರೆದಿಲ್ಲ. ಎಲೆಅಡಿಕೆ ಹಾಕುತ್ತಿರುತ್ತಾರಾ, ಬೀದಿ ನೋಡುತ್ತಿರುತ್ತಾರಾ? ಪುರುಸೊತ್ತಾದಾಗ ಬರೆಯಿರಿ.