ಪರದೆಯಲ್ಲಿ ‘ಅಮ್ಮ’, ಮಗ್ ಮೇಲೆ ‘ಅಮ್‌ಮ’

(ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಡಿಸೈನ್, ಪ್ರಿಂಟಿಂಗ್ ಅಂಗಡಿ ನಡೆಸುತ್ತಿರುವವರು ಉತ್ತರಿಸಿದ್ದಾರೆ.)

ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ 12 ಮಗ್ ಮಾಡಿಸಿದೆ. ಬಣ್ಣ, ಫಾಂಟ್, ಹೂವಿನ ಬಾರ್ಡರ್ ಎಲ್ಲ ನಾನೇ ಆರಿಸಿದ್ದು. ‘ಅಮ್ಮನ ಅಕ್ಕರೆಗೆ’ ಅಂತ ಟೈಪ್ ಮಾಡಿದ್ದು ಪರದೆಯಲ್ಲಿ ಸರಿಯಾಗೇ ಇತ್ತು. ಬಂದ ಮಗ್‌ಗಳಲ್ಲಿ ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಂದು ಕೂತಿವೆ. ಕೇಳಿದರೆ, ಕಸ್ಟಮೈಸ್ ಮಾಡಿದ್ದಕ್ಕೆ ವಾಪಸ್ ಇಲ್ಲ ಅಂತಾರೆ. — ಮಂಡ್ಯದ ಓದುಗರು

ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಮಗ್ ಬದಲು ಗಡಿಯಾರ, ದಿಂಬು, ಕೀಚೈನ್, ಅಷ್ಟೇ ವ್ಯತ್ಯಾಸ.

ನಾವೇ ಡಿಸೈನ್ ಮಾಡುವ ಆ ಆಟದಲ್ಲಿ ಖುಷಿ ಇದೆ, ಒಪ್ಪುತ್ತೇನೆ. ನಾನು ಮೂರು ಡಿಸೈನ್ ತೋರಿಸಿದರೆ ಗಿರಾಕಿಗಳು ಮೂರರಲ್ಲೂ ಹುಳುಕು ಹುಡುಕುತ್ತಾರೆ. ಮನೆಯಲ್ಲಿ ಕೂತು ತಾವೇ ಗುಲಾಬಿ ಬಣ್ಣದ ಮೇಲೆ ಹಳದಿ ಅಕ್ಷರ ಹಾಕಿದರೆ ಮಾತ್ರ ಆಹಾ! ತಮ್ಮ ಕೈ ಬಿದ್ದ ವಸ್ತುವಿಗೆ ಜನ ಜಾಸ್ತಿ ಬೆಲೆ ಕಟ್ಟುತ್ತಾರೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ‘ಐಕಿಯಾ ಎಫೆಕ್ಟ್’ ಅಂತಲೇ ಹೆಸರಿಟ್ಟಿತು. ಐಕಿಯಾ ಅಂದರೆ ಬಿಡಿಭಾಗ ಕೊಟ್ಟು ನೀವೇ ಜೋಡಿಸಿಕೊಳ್ಳಿ ಅನ್ನುವ ಪೀಠೋಪಕರಣ ಕಂಪನಿ. ಅಲ್ಲಿನ ಪೆಟ್ಟಿಗೆಯನ್ನು ತಾವೇ ಜೋಡಿಸಿದವರು ಅದಕ್ಕೆ ಹೆಚ್ಚು ದುಡ್ಡು ಕೊಡಲು ತಯಾರಿದ್ದರು. ಜೋಡಣೆ ಅರ್ಧಕ್ಕೆ ನಿಂತರೆ ಆ ಪ್ರೀತಿಯೂ ಇರುತ್ತಿರಲಿಲ್ಲ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಅಷ್ಟೊಂದು ಬಟನ್ ಕೊಡುತ್ತಾರೆ.

ಈಗ ನಿಮ್ಮ ಮಗ್ ವಿಷಯ. ಪರದೆಯಲ್ಲಿ ‘ಮ್ಮ’ ಕೂಡಿಸಿ ತೋರಿಸಿದ್ದು ನಿಮ್ಮ ಫೋನು. ಪ್ರಿಂಟ್ ಮಾಡುವ ಕಡೆ ಇನ್ನೊಂದು ಸಾಫ್ಟ್‌ವೇರ್ ಅದೇ ಅಕ್ಷರಗಳನ್ನು ಹೊಸದಾಗಿ ಬರೆಯುತ್ತದೆ. ಅದಕ್ಕೆ ಒತ್ತು ಕೂಡಿಸಲು ಬಾರದಿದ್ದರೆ ಒಂದು ಮ, ಅದರ ತಲೆಗೆ ಕೊಕ್ಕೆ, ಪಕ್ಕದಲ್ಲಿ ಇನ್ನೊಂದು ಮ. ಇಂಗ್ಲಿಷ್‌ನಲ್ಲಿ ಅಕ್ಷರಗಳು ಸಾಲಾಗಿ ಕೂರುತ್ತವೆ, ಈ ತಾಪತ್ರಯ ಇಲ್ಲ. ಪ್ರಿಂಟ್ ಮಾಡುವ ಕಡೆ ಕೂತವರಿಗೆ ಕನ್ನಡ ಓದಲು ಬರದಿದ್ದರೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಮುಂದೆ ಅಲ್ಲಿ ಕನ್ನಡ ಟೈಪ್ ಮಾಡಲೇಬೇಡಿ. ಅಕ್ಷರವನ್ನು ಚಿತ್ರ ಮಾಡಿ ಕಳಿಸಿ. ಕೋರೆಲ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಗೊತ್ತಿರುವ ಯಾವ ಅಂಗಡಿಯವರನ್ನಾದರೂ ‘ಕರ್ವ್ ಮಾಡಿ ಪಿಎನ್‌ಜಿ ಕೊಡಿ’ ಅಂತ ಕೇಳಿ. ಕರ್ವ್ ಅಂದರೆ ಅಕ್ಷರವನ್ನು ಗೆರೆಗಳ ಆಕಾರ ಮಾಡುವುದು, ಆಮೇಲೆ ಫಾಂಟ್ ಬೇಕಿಲ್ಲ. ಪಿಎನ್‌ಜಿ ಅಂದರೆ ಚಿತ್ರದ ಫೈಲ್. ಅದರಲ್ಲಿ ಇಂಚಿಗೆ 300 ಚುಕ್ಕೆ (ಪಿಕ್ಸೆಲ್) ಬೇಕು. ಎಂಟು ಇಂಚು ಅಗಲದ ಬರಹಕ್ಕೆ 2400 ಪಿಕ್ಸೆಲ್. ನಾನೇ ಒಮ್ಮೆ ಕರ್ವ್ ಮಾಡಲು ಮರೆತು ಬೇರೆ ಊರಿನ ಪ್ರೆಸ್‌ಗೆ ಫೈಲ್ ಕಳಿಸಿ, 300 ಲಗ್ನಪತ್ರಿಕೆಗೆ ಕೈಯಿಂದ ದುಡ್ಡು ಕಟ್ಟಿದ್ದೇನೆ. ಆಮೇಲಿಂದ ನನಗೆ ಯಾವ ಪ್ರಿವ್ಯೂ ಮೇಲೂ ನಂಬಿಕೆ ಇಲ್ಲ. ಮೊದಲು ಒಂದೇ ಒಂದು ತರಿಸಿ ನೋಡಿ. ಅಳತೆ ರವಿಕೆ ಕೊಡದೆ ಹನ್ನೆರಡು ರವಿಕೆ ಹೊಲಿಯಲು ಹಾಕುತ್ತೀರಾ?

ವಾಪಸ್ ಇಲ್ಲ ಅನ್ನುವ ಮಾತಿಗೆ ಬರೋಣ. ‘ಕಸ್ಟಮೈಸ್ ಮಾಡಿದ್ದಕ್ಕೆ ಕಾನೂನೇ ಇಲ್ಲ’ ಅಂತ ಯೂಟ್ಯೂಬ್ ಪಂಡಿತರು ಹೇಳುವುದು ಶುದ್ಧ ಸುಳ್ಳು. ಮನಸ್ಸು ಬದಲಾಯಿತು ಅಂತ ವಾಪಸ್ ಮಾಡಿದರೆ ಅವರು ಬೇಡ ಅನ್ನಬಹುದು. ನೀವೇ ‘ಹಾರ್ದಿಕ’ವನ್ನು ‘ಹಾರ್ಧಿಕ’ ಅಂತ ಬರೆದು ಓಕೆ ಒತ್ತಿದ್ದರೆ ಅದು ನಿಮ್ಮ ಕರ್ಮ. ಆದರೆ ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು ಆದರೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಿದವರು ವಾಪಸ್ ತಗೊಳ್ಳಲು, ದುಡ್ಡು ಕೊಡಲು ನಿರಾಕರಿಸುವಂತಿಲ್ಲ. ಪ್ರಿವ್ಯೂ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೀರಿ ತಾನೇ? ಅದನ್ನೂ ಮಗ್ ಫೋಟೋವನ್ನೂ ಸೇರಿಸಿ ಅವರ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗಲಿಲ್ಲವೋ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ಮಂಡ್ಯದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡಿದ್ದಕ್ಕೆ ದೂರಿನ ಶುಲ್ಕವೂ ಇಲ್ಲ.

ವಾಟ್ಸಾಪ್‌ನಲ್ಲಿ ಬಂದ ಅಜ್ಜಿಯ ಹಳೇ ಫೋಟೋವನ್ನು ಎಐ ಆಪ್‌ನಲ್ಲಿ ಎಚ್‌ಡಿ ಮಾಡಿ ದೊಡ್ಡ ಫ್ರೇಮ್ ಹಾಕಿಸಬಹುದಾ?

ಹಾಕಿಸಬಹುದು. ಇಲ್ಲದ ಚುಕ್ಕೆಗಳನ್ನು ಆಪ್ ಊಹಿಸಿ ತುಂಬುತ್ತದೆ, ಆಮೇಲೆ ಅದು ನಿಮ್ಮ ಅಜ್ಜಿಯಲ್ಲ, ಯಾರೋ ಒಬ್ಬ ಅಜ್ಜಿ. ಆಲ್ಬಮ್‌ನಲ್ಲಿರುವ ಫೋಟೋ ತಂದು ಸ್ಕ್ಯಾನ್ ಮಾಡಿಸಿ.

ಪೂರ್ತಿ ಕಾಟನ್ ಟೀ ಶರ್ಟ್ ಮೇಲೆ ಸಬ್ಲಿಮೇಷನ್ ಪ್ರಿಂಟ್ ನಿಲ್ಲುತ್ತಾ?

ಇಲ್ಲ. ಸಬ್ಲಿಮೇಷನ್ ಅಂದರೆ ಕಾಗದದ ಮೇಲಿನ ಬಣ್ಣವನ್ನು ಬಿಸಿಯಿಂದ ಬಟ್ಟೆಗೆ ಇಳಿಸುವುದು. ಆ ಬಣ್ಣ ಹಿಡಿಯುವುದು ಪಾಲಿಯೆಸ್ಟರ್‌ಗೆ. ಬಟ್ಟೆಯನ್ನು ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತೆ ಅಂತ ಹೇಳಿದವರನ್ನೇ ನೆನೆಸಿ.

ಮನೆಯ ನೇಮ್ ಬೋರ್ಡ್ ಆನ್‌ಲೈನ್‌ನಲ್ಲಿ ಮಾಡಿಸುತ್ತಿದ್ದೇವೆ. ಹೆಸರಿಗೆ ಇನ್ನೊಂದು ‘ಎ’ ಸೇರಿಸಿದರೆ ಏಳಿಗೆ ಅಂತ ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ. ಯಾವ ಫಾಂಟ್ ಒಳ್ಳೆಯದು?

ಪೋಸ್ಟ್‌ಮ್ಯಾನ್‌ಗೆ ಗೇಟಿನಿಂದಲೇ ಓದಲು ಬರುವಂಥದ್ದು. ಆ ‘ಎ’ ಬಿಟ್ಟುಬಿಡಿ, ಕೆಲವರು ಅಕ್ಷರದ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ.