ಗಂಡು ಗಲ್ ಹಕ್ಕಿಗಳು ಹೆಣ್ಣಾದವೇ?

ಕಡಲಹಕ್ಕಿಗಳ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿಯ ಅಂಕಣದ ಹೆಚ್ಚಿನ ಭಾಗವನ್ನು ಅದಕ್ಕೇ ಬಿಟ್ಟುಕೊಡುತ್ತಿದ್ದೇನೆ. ಡಿಡಿಟಿ ಒಂದು ಕೀಟನಾಶಕ; ಅದು ಮೀನಿನ ಮೂಲಕ ಹಕ್ಕಿಯ ಕೊಬ್ಬಿಗೆ ಸೇರುತ್ತದೆ.

ಪ್ರಶ್ನೆ: ಡಿಡಿಟಿಯಿಂದಾಗಿ ಕ್ಯಾಲಿಫೋರ್ನಿಯಾದ ಗಂಡು ಗಲ್ ಹಕ್ಕಿಗಳು ಹೆಣ್ಣಾಗಿ ಮೊಟ್ಟೆ ಇಡತೊಡಗಿದವು, ಆ ಮೊಟ್ಟೆಗಳ ಚಿಪ್ಪು ತೆಳುವಾಗಿ ಒಡೆದುಹೋದವು ಎಂದು ವಿಡಿಯೊವೊಂದರಲ್ಲಿ ಹೇಳಿದರು. ಇದು ನಿಜವೇ?

ಉತ್ತರ: ಎರಡು ಬೇರೆ ಬೇರೆ ಹಾನಿಗಳನ್ನು ಒಂದಾಗಿ ಕಲಸಿ, ಮೇಲೊಂದು ಸುಳ್ಳನ್ನು ಸೇರಿಸಿದ ಕಥೆ ಇದು. ಬೆಳೆದ ಗಂಡು ಹಕ್ಕಿ ಯಾವ ಕೀಟನಾಶಕದಿಂದಲೂ ಮೊಟ್ಟೆ ಇಡುವ ಹೆಣ್ಣಾಗಲಿಲ್ಲ.

ಮೊದಲು ಚಿಪ್ಪಿನ ವಿಷಯವನ್ನು ಮುಗಿಸೋಣ. ಡಿಡಿಟಿ ದೇಹದೊಳಗೆ ಡಿಡಿಇ ಆಗಿ ಮಾರ್ಪಡುತ್ತದೆ. ಈ ಡಿಡಿಇ ತಾಯಿಹಕ್ಕಿಯ ಚಿಪ್ಪುಗ್ರಂಥಿಯಲ್ಲಿ ಕ್ಯಾಲ್ಸಿಯಂ ಸಾಗಣೆಗೆ ಅಡ್ಡಿಯಾಗುವುದರಿಂದ ಚಿಪ್ಪು ತೆಳುವಾಗುತ್ತದೆ. ಇಲ್ಲಿ ಕೆಡುವುದು ತಾಯಿಯ ಕೆಲಸ, ಮರಿಯ ಲಿಂಗವಲ್ಲ. ಲಾಸ್ ಏಂಜಲೀಸ್ ಬಳಿಯ ಡಿಡಿಟಿ ಕಾರ್ಖಾನೆಯೊಂದರ ತ್ಯಾಜ್ಯ ವರ್ಷಗಟ್ಟಲೆ ಒಳಚರಂಡಿಯ ಮೂಲಕ ಸಮುದ್ರ ಸೇರಿದ ಪರಿಣಾಮವಾಗಿ, 1970ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ ಅನಕಾಪ ದ್ವೀಪದಲ್ಲಿ ಕಂದು ಹೆಜ್ಜಾರ್ಲೆಗಳು (ಪೆಲಿಕನ್) ಕಟ್ಟಿದ ಐನೂರಕ್ಕೂ ಹೆಚ್ಚು ಗೂಡುಗಳಿಂದ ಬದುಕಿ ಬಂದದ್ದು ಒಂದೇ ಮರಿ. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆಗಳು ನಜ್ಜುಗುಜ್ಜಾಗುತ್ತಿದ್ದವು. ಆದರೆ ಅದೇ ಕಡಲಿನ ಮೀನು ತಿಂದ ಗಲ್ ಹಕ್ಕಿಗಳ ಮೊಟ್ಟೆಯ ಚಿಪ್ಪು ಹಾಗೆ ಕುಸಿಯಲಿಲ್ಲ, ಏಕೆಂದರೆ ಡಿಡಿಇಯ ಈ ಪರಿಣಾಮಕ್ಕೆ ಹೆಜ್ಜಾರ್ಲೆಯಷ್ಟು ಸುಲಭವಾಗಿ ಗಲ್ ಬಗ್ಗುವುದಿಲ್ಲ. ವಿಡಿಯೊ ಮಾಡಿದವರಿಗೆ ಈ ಒಂದು ವ್ಯತ್ಯಾಸ ಗೊತ್ತಿದ್ದರೂ ಅರ್ಧ ಕಥೆ ಬಿದ್ದುಹೋಗುತ್ತಿತ್ತು.

ಗಲ್ ಹಕ್ಕಿಗಳಲ್ಲಿ ಕಂಡದ್ದು ಬೇರೆಯೇ. ಅದೇ ಕರಾವಳಿಯ ಸಾಂಟಾ ಬಾರ್ಬರಾ ದ್ವೀಪದಲ್ಲಿ ಸಾಮಾನ್ಯವಾಗಿ 3 ಮೊಟ್ಟೆ ಇರಬೇಕಾದ ಕೆಲವು ಗೂಡುಗಳಲ್ಲಿ 4ರಿಂದ 6 ಮೊಟ್ಟೆಗಳಿದ್ದವು. ಈ ಹಕ್ಕಿಗಳಲ್ಲಿ ಗಂಡು ಹೆಣ್ಣುಗಳ ಪುಕ್ಕ ಒಂದೇ ಬಗೆಯದಾದ್ದರಿಂದ ನೋಟದಿಂದ ಏನೂ ತಿಳಿಯುವಂತಿರಲಿಲ್ಲ. ಪರೀಕ್ಷಿಸಿದಾಗ ಅಂಥ ಗೂಡುಗಳಲ್ಲಿ ಎರಡು ಹೆಣ್ಣುಗಳೇ ಜೋಡಿಯಾಗಿ, ಇಬ್ಬರೂ ಒಂದೇ ಗೂಡಿನಲ್ಲಿ ಮೊಟ್ಟೆ ಇಟ್ಟಿದ್ದವೆಂದು ತಿಳಿಯಿತು. 1977ರಲ್ಲಿ ಸಂಶೋಧಕರಾದ ಹಂಟ್ ದಂಪತಿ ಇದನ್ನು ಪ್ರಕಟಿಸಿದರು. ಆ ಮೊಟ್ಟೆಗಳಲ್ಲಿ ಹೆಚ್ಚಿನವು ಫಲಿತವಾಗಿರಲಿಲ್ಲ. ದ್ವೀಪದಲ್ಲಿ ಸಂತಾನಕ್ಕೆ ಬರುವ ಗಂಡುಗಳೇ ಕಡಿಮೆಯಾಗಿದ್ದವು. ಅವು ಹೆಣ್ಣಾಗಿರಲಿಲ್ಲ, ಅಲ್ಲಿಗೆ ಬಂದೇ ಇರಲಿಲ್ಲ.

ಏಕೆ ಬರಲಿಲ್ಲ ಎಂಬುದಕ್ಕೆ ದಾರಿ ತೋರಿದ್ದು ಮೈಕೇಲ್ ಫ್ರೈ ಮತ್ತು ಟೂನ್ ಅವರ 1981ರ ಪ್ರಯೋಗ. ಹಕ್ಕಿಗಳಲ್ಲಿ ಲಿಂಗಾಂಗ ರೂಪುಗೊಳ್ಳುವ ಬಗೆ ನಮ್ಮದಕ್ಕೆ ತಿರುವುಮುರುವು: ಭ್ರೂಣದಲ್ಲಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಹುಟ್ಟಿದರೆ ಎಡಗಡೆ ಒಂದು ಅಂಡಾಶಯ, ಒಂದು ಅಂಡನಾಳ ಬೆಳೆಯುತ್ತವೆ, ಹುಟ್ಟದಿದ್ದರೆ ಎರಡು ವೃಷಣಗಳು ರೂಪುಗೊಂಡು ಅಂಡನಾಳದ ಕುರುಹು ಕರಗಿಹೋಗುತ್ತದೆ. ಮಾರಾಟದ ಡಿಡಿಟಿಯಲ್ಲಿ ಸ್ವಲ್ಪ ಪಾಲಿರುವ ಒಂದು ರೂಪಭೇದ (ಅದೇ ಪರಮಾಣುಗಳ ಬೇರೆ ಜೋಡಣೆ) ಈಸ್ಟ್ರೊಜೆನ್‌ನಂತೆಯೇ ವರ್ತಿಸುತ್ತದೆ. ಆ ಕಾಲದ ಕಲುಷಿತ ಮೊಟ್ಟೆಗಳಲ್ಲಿ ಇದ್ದಷ್ಟೇ ಪ್ರಮಾಣದ ಡಿಡಿಟಿಯನ್ನು ಗಲ್ ಮೊಟ್ಟೆಗೆ ಚುಚ್ಚಿದಾಗ ಗಂಡು ಭ್ರೂಣಗಳಲ್ಲಿ ಅಂಡಾಶಯದ ಅಂಗಾಂಶ ಮತ್ತು ಅಂಡನಾಳ ಕಾಣಿಸಿಕೊಂಡವು. ಇಂಥ ಭ್ರೂಣದ ಎಡ ವೃಷಣವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಒಳಗಡೆ ವೃಷಣದ ನಾಳಗಳು, ಹೊರಗಡೆ ಅಂಡಾಶಯದ ಪದರದಂಥ ಹೊದಿಕೆ, ಎರಡೂ ಒಂದೇ ಅಂಗದಲ್ಲಿ ಸ್ಪಷ್ಟವಾಗಿ ಕಾಣುತ್ತವೆ; ಬಲಗಡೆಯದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಹೀಗೆ ಹುಟ್ಟಿದ ಗಂಡು ಬೆಳೆದರೂ ಸಂತಾನಕ್ಕೆ ಸಮರ್ಥವಾಗದೆ ಗೂಡಿನ ನೆಲೆಗೆ ಬರುವುದೇ ಇಲ್ಲ ಎಂಬುದು ಆ ಸಂಶೋಧಕರ ವಿವರಣೆ. ಗಲ್ ಹಕ್ಕಿ ಗೂಡು ಕಟ್ಟುವ ವಯಸ್ಸಿಗೆ ಬರಲು ಸುಮಾರು 4 ವರ್ಷ ಬೇಕು. ಆದ್ದರಿಂದ ಮೊಟ್ಟೆಯೊಳಗೆ ಆದ ಹಾನಿ, ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿದ ಮೇಲೂ, ಗೂಡುಗಳ ಲೆಕ್ಕದಲ್ಲಿ ತಡವಾಗಿ ಕಾಣಿಸಿಕೊಂಡಿತು. ಫ್ರೈ ಮತ್ತು ಟೂನ್ ಸ್ವತಃ ‘ಇದು ಕಾರಣವಾಗಿರಬಹುದು’ ಎಂದಷ್ಟೇ ಬರೆದರು. ನಾನೂ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲಾರೆ. ಎರಡು ಹೆಣ್ಣುಗಳ ಜೋಡಿ ಕಂಡಲ್ಲೆಲ್ಲ ವಿಷವನ್ನೇ ದೂರುವುದೂ ಸಲ್ಲದು.

ಪ್ರಶ್ನೆ: ಹಾಗಾದರೆ ಮೀನು ತಿನ್ನುವ ಗಂಡಸರಿಗೂ ಹೀಗಾಗುತ್ತದೆಯೇ? ಇದನ್ನು ತಡೆಯಲೆಂದು ನನಗೊಬ್ಬರು ‘ಹಾರ್ಮೋನ್ ಶುದ್ಧಿ’ ಚೂರ್ಣ ಸೂಚಿಸಿದ್ದಾರೆ.

ಉತ್ತರ: ಭ್ರೂಣದ ಪ್ರಯೋಗವನ್ನು ತೋರಿಸಿ ಬೆಳೆದ ಮನುಷ್ಯನನ್ನು ಹೆದರಿಸಿ ಹಣ ಕೀಳುವುದಕ್ಕೆ ವೈದ್ಯವೆಂಬ ಹೆಸರು ಸಲ್ಲುವುದಿಲ್ಲ. ಡಿಡಿಇ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಸ್ತು. ವಾರದ ಚೂರ್ಣಕ್ಕೆ ಅದು ಹೊರಬರುವುದಿಲ್ಲ. ಸಂತಾನದ ತೊಂದರೆ ಇದ್ದರೆ ತಜ್ಞ ವೈದ್ಯರನ್ನು ಕಾಣಿರಿ. ಹಕ್ಕಿ ನೋಡುವ ನನ್ನನ್ನಲ್ಲ.

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಗಲ್ ಹಕ್ಕಿಗಳ ಗೂಡೇ ಕಾಣುವುದಿಲ್ಲ. ಮಾಲಿನ್ಯದಿಂದಲೇ?

ಉತ್ತರ: ಅಲ್ಲ. ಅವು ನಮ್ಮಲ್ಲಿಗೆ ಚಳಿಗಾಲ ಕಳೆಯಲು ಬರುವ ವಲಸಿಗರು. ಕಂದುತಲೆಯ ಗಲ್ ಗೂಡು ಕಟ್ಟುವುದು ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ.

ಪ್ರಶ್ನೆ: ಮೊಬೈಲ್ ಟವರ್‌ನಿಂದ ಚಿಪ್ಪು ತೆಳುವಾಗುತ್ತದೆಯೇ?

ಉತ್ತರ: ಇಲ್ಲ. ದಯವಿಟ್ಟು ಈ ಪ್ರಶ್ನೆಯನ್ನು ಮತ್ತೆ ಕಳಿಸಬೇಡಿ.

ಪ್ರಶ್ನೆ: ನಮ್ಮ ಕಾಲೇಜಿನ ವಿದ್ಯಾರ್ಥಿಗಳು ನಮ್ಮ ಕರಾವಳಿಯ ದ್ವೀಪಕ್ಕೆ ಹೋಗಿ ಮರಿಯಾಗದ ಮೊಟ್ಟೆಗಳನ್ನು ತಂದು ನಿಮಗೆ ಕಳಿಸಬಹುದೇ?

ಉತ್ತರ: ಖಂಡಿತ ಬೇಡ. ಸಂರಕ್ಷಿತ ಹಕ್ಕಿಗಳ ಮೊಟ್ಟೆಯನ್ನು ಅನುಮತಿಯಿಲ್ಲದೆ ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಜೊತೆಗೆ, ಯಾವುದು ಕೆಟ್ಟ ಮೊಟ್ಟೆ, ಯಾವುದು ಇನ್ನೂ ಕಾವಿನಲ್ಲಿರುವುದು ಎಂದು ಹೊರಗಿನಿಂದ ನೋಡಿ ಹೇಳಲು ನಿಮ್ಮ ವಿದ್ಯಾರ್ಥಿಗಳಿಂದಾಗದು. ಜನ ಹತ್ತಿರ ಬಂದರೆ ತಾಯಿ ಗೂಡು ಬಿಟ್ಟೇಳುತ್ತದೆ. ಆ ಹೊತ್ತಿನ ಬಿಸಿಲೇ ಉಳಿದ ಮೊಟ್ಟೆಗಳನ್ನು ಕೊಲ್ಲಲು ಸಾಕು. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬಂದ ಪೊಟ್ಟಣವನ್ನು ನಾನು ತೆರೆಯುವುದಿಲ್ಲ.